ಮನೆಯ ಒಲೆಯದೋ, ಅಂಗಡಿಯ ಪೆಟ್ಟಿಗೆಯದೋ? – ಯೆಹೂದ್ಯರ ವಾರಗಳ ಹಬ್ಬದ ಚೀಸ್‌ಕೇಕ್ ಹೇಳುವ ಚರಿತ್ರೆ



ಪವಿತ್ರಾತ್ಮರ ಹಬ್ಬ ಹತ್ತಿರ ಬಂದಾಗಲೆಲ್ಲ ನಾವು ಗುರುಗಳು ಅಗ್ನಿಜ್ವಾಲೆ, ಬಿರುಗಾಳಿ, ನಾನಾ ಭಾಷೆಗಳ ವರದಾನ ಇವುಗಳ ಬಗ್ಗೆ ಪ್ರಬೋಧನೆ ಮಾಡುವುದು ವಾಡಿಕೆ. ಈ ಸಲ ನಾವು ಒಂದು ತಿಂಡಿಯ ಬಗ್ಗೆ ಬರೆಯುತ್ತಿದ್ದೇವೆ ಎಂದರೆ ನೀವು ಹುಬ್ಬೇರಿಸಬಹುದು. ಆದರೆ ಆ ತಿಂಡಿಗೂ ನಮ್ಮ ಹಬ್ಬಕ್ಕೂ ನೆಂಟಸ್ತಿಕೆಯಿದೆ. ಪ್ರೇಷಿತರ ಮೇಲೆ ಪವಿತ್ರಾತ್ಮರು ಇಳಿದು ಬಂದ ದಿನ ಜೆರುಸಲೇಮಿನಲ್ಲಿ ಜನಜಂಗುಳಿ ಸೇರಿದ್ದು ಯಾಕೆ? ಅಂದು ಯೆಹೂದ್ಯರ ವಾರಗಳ ಹಬ್ಬ. ಹೀಬ್ರೂ ಭಾಷೆಯಲ್ಲಿ ಅದನ್ನು ಶಾವುವೋತ್ ಎನ್ನುತ್ತಾರೆ. ಇಂದಿಗೂ ಯೆಹೂದ್ಯರು ಆ ಹಬ್ಬವನ್ನು ಆಚರಿಸುತ್ತಾರೆ. ಹಲವು ಮನೆಗಳಲ್ಲಿ ಅಂದು ಹಾಲಿನ ತಿಂಡಿಗಳೇ ಮುಖ್ಯ, ಅದರಲ್ಲೂ ಚೀಸ್‌ಕೇಕ್. ಹಬ್ಬದ ಹಿಂದಿನ ವಾರ ಆ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಈ ವರ್ಷ ಮನೆಯಲ್ಲೇ ಮಾಡುವುದೋ, ಅಂಗಡಿಯಿಂದ ತರುವುದೋ?

ಪ್ರಶ್ನೆ ಚಿಕ್ಕದು. ಆದರೆ ಹಬ್ಬ ಎಂದರೇನು, ಅದರ ದುಡಿಮೆ ಯಾರದು, ಅದರ ಸಂತೋಷ ಯಾರದು ಎಂಬ ದೊಡ್ಡ ಪ್ರಶ್ನೆ ಅದರೊಳಗೆ ಅಡಗಿದೆ. ಇಸ್ರಯೇಲಿನಲ್ಲಿ ವಯೋವೃದ್ಧರ ಆರೈಕೆಯ ಕೆಲಸ ಮಾಡಿ ರಜೆಯಲ್ಲಿ ಊರಿಗೆ ಬಂದಿದ್ದ ನಮ್ಮ ಧರ್ಮಕೇಂದ್ರದ ಸಹೋದರಿಯೊಬ್ಬರು ಹೇಳಿದ ಮಾತು ನಮ್ಮನ್ನು ಈ ವಿಚಾರಕ್ಕೆ ಎಳೆಯಿತು. ಅವರ ಕಥೆಯನ್ನು ಕೊನೆಯಲ್ಲಿ ಹೇಳುತ್ತೇವೆ. ಮೊದಲು ಹಬ್ಬದ ಮೂಲ ನೋಡೋಣ.

ಐವತ್ತನೆಯ ದಿನ

ಪಾಸ್ಖ ಹಬ್ಬದ ಎರಡನೆಯ ದಿನದಿಂದ ಎಣಿಸತೊಡಗಿ ಏಳು ವಾರ, ಅಂದರೆ 49 ದಿನ ಕಳೆದ ಮೇಲೆ ಬರುವುದೇ ವಾರಗಳ ಹಬ್ಬ. ಐವತ್ತನೆಯ ದಿನ ಎಂಬ ಅರ್ಥದ ಗ್ರೀಕ್ ಪದದಿಂದ ನಮ್ಮ ಪೆಂತೆಕೋಸ್ತ್ ಎಂಬ ಹೆಸರು ಬಂತು. ತೋಬಿತನ ಗ್ರಂಥದಲ್ಲೂ ಮಕ್ಕಬಿಯರ ಎರಡನೆಯ ಗ್ರಂಥದಲ್ಲೂ ಈ ಹೆಸರು ಆಗಲೇ ಕಾಣುತ್ತದೆ. ಸಂತ ಪೌಲರು ಈ ಹಬ್ಬಕ್ಕೆ ಹೇಗಾದರೂ ಜೆರುಸಲೇಮನ್ನು ತಲುಪಬೇಕೆಂದು ಆತುರಪಟ್ಟದ್ದನ್ನು ಪ್ರೇಷಿತರ ಕಾರ್ಯಕಲಾಪಗಳು ದಾಖಲಿಸಿದೆ (20:16).

ಬೈಬಲಿನಲ್ಲಿ ಇದು ಮೊದಲಿಗೆ ಗೋದಿ ಸುಗ್ಗಿಯ ಹಬ್ಬ. ಹೊಸ ಗೋದಿಯ ನಯವಾದ ಹಿಟ್ಟಿನಿಂದ ಎರಡು ರೊಟ್ಟಿ ಮಾಡಿ ಸರ್ವೇಶ್ವರನಿಗೆ ಅರ್ಪಿಸಬೇಕೆಂದು ಯಾಜಕಕಾಂಡದ 23ನೆಯ ಅಧ್ಯಾಯ ವಿಧಿಸುತ್ತದೆ. ಪಾಸ್ಖದ ರೊಟ್ಟಿಗೆ ಹುಳಿ ಸೇರಿಸುವಂತಿಲ್ಲ. ಈ ಎರಡು ರೊಟ್ಟಿಗಳಿಗೆ ಹುಳಿ ಸೇರಿರಲೇಬೇಕು. ಮುಂದೆ ಯೆಹೂದ್ಯ ಪಂಡಿತರು ಇದೇ ದಿನ ಸಿನಾಯ್ ಬೆಟ್ಟದಲ್ಲಿ ಮೋಶೆಯ ಮೂಲಕ ಧರ್ಮಶಾಸ್ತ್ರ ದೊರೆಯಿತೆಂದು ಕಂಡುಕೊಂಡರು. ಹೀಗೆ ಹೊಲದ ಹಬ್ಬ ಧರ್ಮಶಾಸ್ತ್ರದ ಹಬ್ಬವೂ ಆಯಿತು. ಅಂದು ಸಭಾಮಂದಿರಗಳಲ್ಲಿ ರೂತಳ ಗ್ರಂಥವನ್ನು ಓದುತ್ತಾರೆ. ಬೊವಜನ ಹೊಲದಲ್ಲಿ ತೆನೆ ಆಯ್ದ ಆ ಬಡ ಪರದೇಶಿ ವಿಧವೆ ದಾವೀದನ ಮುತ್ತಜ್ಜಿಯಾದಳು. ಯೇಸುಕ್ರಿಸ್ತರ ವಂಶಾವಳಿಯಲ್ಲೂ ಅವಳ ಹೆಸರಿದೆ.

ಹಾಲು ಎಲ್ಲಿಂದ ಬಂತು?

ಬೈಬಲಿನ ವಿಧಿಯಲ್ಲಿ ರೊಟ್ಟಿಯಿದೆ, ಹಾಲಿಲ್ಲ. ಹಬ್ಬಕ್ಕೆ ಹಾಲು, ಜೇನು ಸೇವಿಸುವ ರೂಢಿ ಹದಿಮೂರು, ಹದಿನಾಲ್ಕನೆಯ ಶತಮಾನದ ಫ್ರಾನ್ಸ್ ಮತ್ತು ಪ್ರೊವೆನ್ಸ್ ಕಡೆಯ ಯೆಹೂದ್ಯ ಬರಹಗಳಲ್ಲಿ ಕಾಣಸಿಗುತ್ತದೆ. ಹದಿನಾರನೆಯ ಶತಮಾನದಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ರಬ್ಬಿ ಮೋಶೆ ಇಸ್ಸರ್ಲಿಸ್ ಅವರು ಧರ್ಮನಿಯಮಗಳ ಗ್ರಂಥಕ್ಕೆ ಬರೆದ ಟಿಪ್ಪಣಿಯಲ್ಲಿ ಹಬ್ಬದ ಮೊದಲ ದಿನ ಹಾಲಿನ ಪದಾರ್ಥ ತಿನ್ನುವುದನ್ನು ಎಲ್ಲೆಡೆಯ ಆಚಾರವೆಂದೇ ಹೇಳಿದ್ದಾರೆ.

ಕಾರಣಗಳನ್ನು ಹಲವು ಬಗೆಯಲ್ಲಿ ಹೇಳುತ್ತಾರೆ. ಧರ್ಮಶಾಸ್ತ್ರವು ಜೇನು, ಹಾಲುಗಳಂತೆ ನಾಲಗೆಗೆ ಸಿಹಿ ಎಂಬುದು ಒಂದು. ಪರಮಗೀತೆಯ ಒಂದು ಮಾತೇ ಇದಕ್ಕೆ ಆಧಾರ. ಸಿನಾಯಿಯಲ್ಲಿ ಮಾಂಸದ ನಿಯಮಗಳು ತಿಳಿದುಬಂದಾಗ ಹಳೆಯ ಪಾತ್ರೆಗಳಲ್ಲಿ ಅಡುಗೆ ಮಾಡಲಾರದೆ ಜನರು ಹಾಲಿನ ಪದಾರ್ಥದಿಂದಲೇ ಆ ದಿನ ಕಳೆದರು ಎಂಬುದು ಇನ್ನೊಂದು. ಹಾಲಿಗೆ ಹೀಬ್ರೂವಿನಲ್ಲಿರುವ ಪದ ಹಲಾವ್. ಅದರ ಅಕ್ಷರಗಳ ಬೆಲೆ 8, 30 ಮತ್ತು 2. ಕೂಡಿದರೆ 40, ಮೋಶೆ ಬೆಟ್ಟದ ಮೇಲಿದ್ದ ದಿನಗಳಷ್ಟೇ ಎಂಬುದು ಮತ್ತೊಂದು. ಇವೆಲ್ಲದರ ಜೊತೆಗೆ ಹೈನುಗಾರರಿಗೆ ತಿಳಿದ ಸರಳ ಕಾರಣವೂ ಇದೆ. ಯೂರೋಪಿನಲ್ಲಿ ಮೇ-ಜೂನ್ ತಿಂಗಳು ಹೊಸ ಹುಲ್ಲಿನ ಕಾಲ; ಹಟ್ಟಿಯಲ್ಲಿ ಕರುಗಳಿದ್ದು ಹಾಲು ಉಕ್ಕುವ ಕಾಲ. ಶೀತಕ ಪೆಟ್ಟಿಗೆಗಳಿಲ್ಲದ ದಿನಗಳಲ್ಲಿ ಉಳಿದ ಹಾಲನ್ನು ಒಡೆಸಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಚೀಸ್ ಮಾಡದೆ ಬೇರೆ ದಾರಿಯಿರಲಿಲ್ಲ.

ಇಲ್ಲಿ ಒಂದು ಮಾತು. ಹಳೆಯ ಕನ್ನಡ ಬೈಬಲಿನಲ್ಲಿ ಚೀಸಿಗೆ ಗಿಣ್ಣು ಎಂಬ ಪದ ಬಳಸಿರುವುದುಂಟು. ನಮ್ಮ ಮನೆಗಳಲ್ಲಿ ಗಿಣ್ಣು ಎಂದರೆ ಈದ ಹಸುವಿನ ಮೊದಲ ಹಾಲಿನದು. ಚೀಸ್ ಅದಲ್ಲ. ಯುದ್ಧಭೂಮಿಗೆ ಅಣ್ಣಂದಿರನ್ನು ನೋಡಲು ಹೊರಟ ಬಾಲಕ ದಾವೀದ ಸೇನಾಧಿಪತಿಗೆಂದು ಒಯ್ದ ಹತ್ತು ಉಂಡೆಗಳು ಇಂಥ ಗಟ್ಟಿ ಮೊಸರಿನವೇ (1 ಸಮುವೇಲ 17:18).

ಚೀಸ್ ಸೇರಿಸಿ ಸುಡುವ ಕೇಕು ಯೆಹೂದ್ಯರೇ ಕಂಡುಹಿಡಿದದ್ದಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ರೋಮಿನ ಕೇಟೋ ಎಂಬ ಹಿರಿಯ ತನ್ನ ಕೃಷಿಗ್ರಂಥದಲ್ಲಿ ಇದರ ವಿಧಾನವನ್ನು ಬರೆದಿಟ್ಟಿದ್ದಾನೆ: ಎರಡು ಪೌಂಡ್ ಚೀಸ್, ಒಂದು ಪೌಂಡ್ ಹಿಟ್ಟು, ಒಂದು ಮೊಟ್ಟೆ, ಕಲಸಿ, ಎಲೆಗಳ ಮೇಲಿಟ್ಟು, ಬಿಸಿ ಮಡಕೆ ಮುಚ್ಚಿ ಬೇಯಿಸುವುದು. ಯೆಹೂದ್ಯರು ತಾವು ನೆಲೆಸಿದ ನಾಡುಗಳ ಅಡುಗೆಯನ್ನೇ ಕಲಿತು, ತಮ್ಮ ನಿಯಮಕ್ಕೆ ಹೊಂದಿಸಿ, ತಮ್ಮ ಹಬ್ಬದ ಅರ್ಥವನ್ನು ಅದರಲ್ಲಿ ತುಂಬಿದರು.

ಎರಡು ರೊಟ್ಟಿಗಳನ್ನು ಸುಟ್ಟವರು ಯಾರು?

ಯಾಜಕಕಾಂಡದ ಆ ವಿಧಿಯಲ್ಲಿ ಒಂದು ಸೂಕ್ಷ್ಮವಿದೆ. ಆ ಎರಡು ರೊಟ್ಟಿಗಳನ್ನು ನಿಮ್ಮ ನಿವಾಸಗಳಿಂದ ತರಬೇಕು ಎಂಬ ಅರ್ಥದ ಮಾತು ಅಲ್ಲಿದೆ. ಗುರುಮಠದಲ್ಲಿ ಓದುತ್ತಿದ್ದಾಗ ಈ ಮಾತನ್ನು ಕಂಡ ನಾವು, ಹಬ್ಬದ ರೊಟ್ಟಿ ಮನೆಯಲ್ಲೇ ಸುಟ್ಟದ್ದಾಗಿರಬೇಕೆಂದು ದೇವರೇ ಹೇಳಿದ್ದಾರಲ್ಲ ಎಂದು ಹಿಗ್ಗಿದ್ದೆವು. ಬಾಲ್ಯದಲ್ಲಿ ಹಬ್ಬದ ಮುನ್ನಾದಿನ ಅಮ್ಮ ಒಲೆಯ ಮುಂದೆ ಕುಳಿತ ಚಿತ್ರ ಕಣ್ಮುಂದೆ ಬಂದಿತ್ತು.

ಆದರೆ ಯೆಹೂದ್ಯ ಪರಂಪರೆ ಆ ಮಾತನ್ನು ಹಾಗೆ ಅರ್ಥೈಸಿಲ್ಲ. ನಿವಾಸಗಳು ಎಂದರೆ ಇಸ್ರಯೇಲ್ ನಾಡು. ಗೋದಿ ಪರದೇಶದ್ದಾಗಿರಬಾರದು ಎಂಬುದೇ ಪಂಡಿತರ ತೀರ್ಮಾನ. ರೊಟ್ಟಿಗಳಿದ್ದುದು ಎರಡೇ, ಇಡೀ ಜನಾಂಗದ ಪರವಾಗಿ. ಸುಮಾರು ಕ್ರಿಸ್ತಶಕ 200ರಲ್ಲಿ ಸಂಕಲಿತವಾದ ಮಿಶ್ನಾ ಗ್ರಂಥದಲ್ಲಿ ಅವುಗಳ ಅಳತೆ, ನಾದುವ ಜಾಗ, ಸುಡುವ ಜಾಗ ಎಲ್ಲದರ ಚರ್ಚೆಯಿದೆ. ಹೊರಗೆ ನಾದಿ ಒಳಗೆ ಸುಡಬೇಕು ಎನ್ನುವವರಿದ್ದರು, ಎಲ್ಲವೂ ದೇವಾಲಯದ ಒಳಗೇ ನಡೆಯಬೇಕು ಎನ್ನುವವರಿದ್ದರು. ರಬ್ಬಿ ಸಿಮೆಯೋನರ ಅಭಿಪ್ರಾಯ ಬೇರೆ: ದೇವಾಲಯದ ಅಂಗಳದಲ್ಲಿ ಮಾಡಿದರೂ ಸರಿ, ಬೆತ್ಫಗೆಯಲ್ಲಿ ಮಾಡಿದರೂ ಸರಿ. ಬೆತ್ಫಗೆಯ ಹೆಸರು ನಿಮಗೆ ಗೊತ್ತಿದೆ. ಗರಿಗಳ ಭಾನುವಾರ ನಾವು ಕೇಳುವ ಶುಭಸಂದೇಶದಲ್ಲಿ ಯೇಸು ಕತ್ತೆಮರಿಯನ್ನು ತರಿಸಿಕೊಂಡದ್ದು ಆ ಊರಿನ ಬಳಿಯಲ್ಲೇ.

ದೇವಾಲಯದ ಇನ್ನೊಂದು ರೊಟ್ಟಿ, ಪ್ರತಿ ಸಬ್ಬತ್ ದಿನ ಸನ್ನಿಧಿಯಲ್ಲಿ ಇಡುತ್ತಿದ್ದ ನೈವೇದ್ಯದ ರೊಟ್ಟಿ, ಗಾರ್ಮು ಎಂಬ ಮನೆತನದ ಕೈಯಲ್ಲಿತ್ತು. ಅವರು ಆ ವಿದ್ಯೆಯನ್ನು ಯಾರಿಗೂ ಕಲಿಸಲಿಲ್ಲ. ಬೇಸತ್ತ ಹಿರಿಯರು ಅಲೆಕ್ಸಾಂದ್ರಿಯದಿಂದ ಬೇರೆ ಕಸುಬುದಾರರನ್ನು ಕರೆಸಿದರು. ಬಂದವರಿಗೆ ಸುಡಲು ಬಂತು, ಆದರೆ ಒಲೆಯಿಂದ ಮುರಿಯದಂತೆ ತೆಗೆಯಲು ಬರಲಿಲ್ಲ. ಕೊನೆಗೆ ಗಾರ್ಮು ಮನೆಯವರನ್ನೇ, ಸಂಬಳ ಇಮ್ಮಡಿ ಮಾಡಿ, ಮತ್ತೆ ಕರೆತರಬೇಕಾಯಿತೆಂದು ತಾಲ್ಮೂದ್ ಹೇಳುತ್ತದೆ. ಆದರೆ ಅದೇ ತಾಲ್ಮೂದ್ ಆ ಮನೆತನವನ್ನು ಹೊಗಳಿಯೂ ಇದೆ: ದೇವಾಲಯದ ಹಿಟ್ಟನ್ನು ತಿನ್ನುತ್ತಾರೆಂಬ ಸಂಶಯ ಬರಬಾರದೆಂದು ಅವರ ಮಕ್ಕಳ ಕೈಯಲ್ಲಿ ಎಂದೂ ನಯವಾದ ರೊಟ್ಟಿ ಕಾಣುತ್ತಿರಲಿಲ್ಲವಂತೆ.

ಯೇಸುವಿನ ಕಾಲದ ಜೆರುಸಲೇಮಿನಲ್ಲಿ ಚೀಸ್ ಕೂಡ ಕಸುಬುದಾರರ ಕೆಲಸವಾಗಿತ್ತು ಎಂದು ಊಹಿಸಲು ಒಂದು ಸ್ಥಳನಾಮವೇ ಸಾಕು. ನಗರವನ್ನು ಸೀಳಿಕೊಂಡು ಹೋಗುವ ಕಣಿವೆಯನ್ನು ಚರಿತ್ರೆಕಾರ ಜೋಸೆಫಸ್ ಚೀಸ್ ಮಾಡುವವರ ಕಣಿವೆ ಎಂದು ಕರೆದಿದ್ದಾನೆ. ಹಬ್ಬಕ್ಕೆ ಬಂದ ಯಾತ್ರಿಕರು ಮನೆಯಿಂದ ಎಲ್ಲವನ್ನೂ ಹೊತ್ತು ತಂದಿರಲಾರರು. ಹಾಗಾಗಿ ಹಬ್ಬಕ್ಕೆ ಕೊಂಡು ತರುವುದು ಈ ಕಾಲದವರ ಸೋಮಾರಿತನವೆಂದು ನಾವು ಸುಲಭವಾಗಿ ಹೇಳುವಂತಿಲ್ಲ.

ಅಜ್ಜಿಯ ಬಟ್ಟೆಗಂಟಿನಿಂದ ನ್ಯೂಯಾರ್ಕಿನ ಪೆಟ್ಟಿಗೆಗೆ

ಕ್ರಿಸ್ತಶಕ 70ರಲ್ಲಿ ದೇವಾಲಯ ನಾಶವಾಯಿತು. ಎರಡು ರೊಟ್ಟಿಗಳ ಅರ್ಪಣೆ ನಿಂತಿತು. ಅಲ್ಲಿಂದ ಮುಂದೆ ಯೆಹೂದ್ಯರಿಗೆ ಊಟದ ಮೇಜೇ ಬಲಿಪೀಠವಾಯಿತು, ಅಡುಗೆಮನೆಯೇ ಧರ್ಮ ಪಾಲನೆಯ ಮುಖ್ಯ ಸ್ಥಳವಾಯಿತು. ಮಧ್ಯಯುಗದ ಜರ್ಮನಿಯಲ್ಲಿ ಮಕ್ಕಳ ವಿದ್ಯಾರಂಭ ಈ ಹಬ್ಬದ ದಿನವೇ ನಡೆಯುತ್ತಿತ್ತು. ಹಲಗೆಯ ಮೇಲಿನ ಅಕ್ಷರಗಳಿಗೆ ಜೇನು ಸವರಿ ಮಗುವಿಗೆ ನೆಕ್ಕಲು ಕೊಡುತ್ತಿದ್ದರು. ಜೇನಿನಲ್ಲಿ ಕಲಸಿದ ಕೇಕಿನ ಮೇಲೆ ಧರ್ಮಗ್ರಂಥದ ವಾಕ್ಯ ಬರೆದು ತಿನ್ನಿಸುತ್ತಿದ್ದರು. ಓದು ಬಾಯಿಂದ ಹೊಟ್ಟೆಗೆ ಇಳಿಯಬೇಕು ಎಂಬ ಆಶಯ.

ಜರ್ಮನಿಯಲ್ಲಿ ಕ್ವಾರ್ಕ್, ಪೋಲೆಂಡಿನಲ್ಲಿ ತ್ವಾರೋಗ್ ಎಂಬ ಹಸಿ ಚೀಸಿನಿಂದ ಗೃಹಿಣಿಯರು ಕೇಕು ಮಾಡುತ್ತಿದ್ದರು. ಮನೆಯಲ್ಲಿ ಹಸುವೋ ಆಡೋ ಇದ್ದವರು ತಾವೇ ಹಾಲು ಒಡೆಸುತ್ತಿದ್ದರು. ಇಲ್ಲದವರಿಗೆ ಹಾಲಿನವನೇ ಗತಿ. ಯಿಡ್ಡಿಷ್ ಭಾಷೆಯ ಲೇಖಕ ಶೋಲೆಮ್ ಅಲೈಖೆಮ್ 1894ರಿಂದ ಬರೆಯತೊಡಗಿದ ಕಥೆಗಳ ನಾಯಕ ತೇವ್ಯೆ ಅಂಥ ಹಾಲಿನವನು. ಗಾಡಿಯಲ್ಲಿ ಹಾಲು, ಬೆಣ್ಣೆ, ಚೀಸ್ ಹೇರಿಕೊಂಡು ಸಿರಿವಂತರ ಬೇಸಗೆಯ ಮನೆಗಳಿಗೆ ಮಾರುತ್ತಿದ್ದ. ಅಂದರೆ ಮನೆಯಲ್ಲೇ ಮಾಡಿದ್ದು ಎನ್ನುವ ಕೇಕಿನಲ್ಲೂ ಎಷ್ಟೋ ಸಲ ಚೀಸ್ ಕೊಂಡದ್ದೇ ಆಗಿರುತ್ತಿತ್ತು.

1880ರಿಂದ 1924ರ ನಡುವೆ ಪೂರ್ವ ಯೂರೋಪಿನಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯೆಹೂದ್ಯರು ಬಡತನ, ಹಿಂಸೆಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನ ಇಕ್ಕಟ್ಟಾದ ಬಾಡಿಗೆ ಮನೆಗಳಲ್ಲಿ ಹಸು ಕಟ್ಟಲು ಜಾಗವೆಲ್ಲಿ? 1882ರಲ್ಲಿ ಲಿಥುವೇನಿಯದಿಂದ ಬಂದ ಬ್ರೇಕ್‌ಸ್ಟೋನ್ ಸಹೋದರರು ಆ ನಗರದಲ್ಲಿ ಹಾಲಿನ ಅಂಗಡಿ ತೆರೆದರು. ಅದಕ್ಕೂ ಮೊದಲು, 1872ರ ಸುಮಾರಿಗೆ, ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬ ಊರಿನ ವಿಲಿಯಂ ಲಾರೆನ್ಸ್ ಕೆನೆ ಸೇರಿಸಿದ ಮೃದುವಾದ ಕ್ರೀಮ್ ಚೀಸ್ ತಯಾರಿಸತೊಡಗಿದ್ದ. 1880ರಲ್ಲಿ ಅದಕ್ಕೆ ಫಿಲಡೆಲ್ಫಿಯ ಎಂಬ ಹೆಸರು ಬಿತ್ತು. ಹಳ್ಳಿಯ ಒರಟು ಚೀಸಿನ ಕೇಕು ಹೀಗೆ ರೇಷ್ಮೆಯಂಥ, ಭಾರವಾದ ನ್ಯೂಯಾರ್ಕ್ ಚೀಸ್‌ಕೇಕ್ ಆಯಿತು. 1921ರಲ್ಲಿ ಲಿಯೋ ಲಿಂಡೆಮನ್ ತೆರೆದ ಲಿಂಡೀಸ್, 1950ರಲ್ಲಿ ಹ್ಯಾರಿ ರೋಸನ್ ಬ್ರೂಕ್ಲಿನ್‌ನಲ್ಲಿ ತೆರೆದ ಜೂನಿಯರ್ಸ್ ಮುಂತಾದ ಹೋಟೆಲುಗಳು ಅದನ್ನು ಪ್ರಸಿದ್ಧಿಗೆ ತಂದವು. ಶಿಕಾಗೋದ ಬೇಕರಿ ಮಾಲೀಕ ಚಾರ್ಲ್ಸ್ ಲೂಬಿನ್ 1949ರಲ್ಲಿ ತಮ್ಮ ಚೀಸ್‌ಕೇಕಿಗೆ ಮಗಳು ಸಾರಾ ಲೀಯ ಹೆಸರಿಟ್ಟರು. ಮುಂದೆ ಅದು ಹಿಮಗಟ್ಟಿದ ಪೆಟ್ಟಿಗೆಯಲ್ಲಿ ದೇಶದ ಮೂಲೆಮೂಲೆಗೆ ಹೋಯಿತು.

ಕೊಳ್ಳುವುದು ಸುಲಭವಾಯಿತು. ಆದರೆ ಧರ್ಮನಿಷ್ಠ ಕುಟುಂಬಗಳಿಗೆ ಹೊಸ ತೊಡಕು ಬಂತು. ಮಾಂಸವನ್ನೂ ಹಾಲನ್ನೂ ಬೆರೆಸಬಾರದು ಎಂಬುದು ಅವರಿಗೆ ಕಟ್ಟುನಿಟ್ಟಿನ ನಿಯಮ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂದು ಬೈಬಲ್ ಮೂರು ಕಡೆ ಹೇಳಿದೆ. ಆದ್ದರಿಂದ ಪಾತ್ರೆ, ಚಮಚ, ಕೇಕಿನ ತಟ್ಟೆ ಎಲ್ಲವೂ ಎರಡೆರಡು ಜೊತೆ. ಮಾಲೀಕ ಯೆಹೂದ್ಯನಾದ ಮಾತ್ರಕ್ಕೆ ತಿಂಡಿ ಕೋಷರ್, ಅಂದರೆ ನಿಯಮಬದ್ಧ, ಆಗುವುದಿಲ್ಲ. ಲಿಂಡೀಸ್‌ನಲ್ಲಿ ಮಾಂಸದ ಸ್ಯಾಂಡ್‌ವಿಚ್ಚೂ ಚೀಸ್‌ಕೇಕೂ ಒಂದೇ ಮೇಜಿಗೆ ಬರುತ್ತಿದ್ದವು. ಇನ್ನು ಚೀಸಿಗೆ ಹಾಕಿದ ಹೆಪ್ಪು ಯಾವ ಪ್ರಾಣಿಯ ಹೊಟ್ಟೆಯದು? ಹಾಲು ಕರೆಯುವಾಗ ನೋಡಿದವರು ಯಾರು? ಇಂಥ ಪ್ರಶ್ನೆಗಳು ಮಿಶ್ನಾದ ಕಾಲದಿಂದಲೂ ಇವೆ. 1920ರ ದಶಕದಿಂದ ಅಮೆರಿಕದ ಆರ್ಥೊಡಾಕ್ಸ್ ಯೂನಿಯನ್ ಸಂಸ್ಥೆ ಕಾರ್ಖಾನೆಗಳನ್ನು ಪರಿಶೀಲಿಸಿ ಪೊಟ್ಟಣಗಳ ಮೇಲೆ ತನ್ನ ಗುರುತು ಹಾಕಲು ಅನುಮತಿ ಕೊಡತೊಡಗಿತು. 1950ರ ದಶಕದಲ್ಲಿ ರಬ್ಬಿ ಮೋಶೆ ಫೈನ್‌ಸ್ಟೈನ್, ಅಮೆರಿಕದ ಕಂಪೆನಿಗಳ ಹಾಲಿನ ಮೇಲೆ ಸರಕಾರದ ಕಣ್ಣಿರುವುದರಿಂದ ಅದನ್ನು ಬಳಸಬಹುದೆಂದು ತೀರ್ಪಿತ್ತರು. ಅದನ್ನು ಒಪ್ಪಿದವರು ಬಹಳ, ಒಪ್ಪದೆ ಯೆಹೂದ್ಯರೇ ನೋಡಿ ಕರೆಸಿದ ಹಾಲನ್ನಷ್ಟೇ ಕುಡಿಯುವವರೂ ಇದ್ದಾರೆ. ಮುದ್ರೆಯಿಲ್ಲದ ಕಾಲದಲ್ಲಿ ಅಮ್ಮನ ಕೈಯೇ ಮುದ್ರೆಯಾಗಿತ್ತು.

ಇಸ್ರಯೇಲ್ ಮತ್ತು ಕೊಲ್ಕತ್ತ

1930ರ ದಶಕದಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು ತಮ್ಮ ಚೀಸ್‌ಕೇಕಿನ ನೆನಪನ್ನು ಪವಿತ್ರ ನಾಡಿಗೂ ತಂದರು. ಕೃಷಿ ಸಮುದಾಯಗಳಾದ ಕಿಬ್ಬುತ್ಸ್‌ಗಳಲ್ಲಿ ಈ ಹಬ್ಬ ಪ್ರಥಮ ಫಲಗಳ ಮೆರವಣಿಗೆಯಾಗಿ ಮರುಹುಟ್ಟು ಪಡೆಯಿತು. ಸುಗ್ಗಿಯ ಬುಟ್ಟಿಗಳ ಜೊತೆಗೆ ಆ ವರ್ಷ ಹುಟ್ಟಿದ ಕೂಸುಗಳನ್ನೂ ಎತ್ತಿ ತೋರಿಸುತ್ತಿದ್ದರು. ಅಲ್ಲಿ ಕೇಕು ಮನೆಯದೂ ಅಲ್ಲ, ಅಂಗಡಿಯದೂ ಅಲ್ಲ; ಎಲ್ಲರ ಅಡುಗೆಮನೆಯದು. ಹಾಲು ಮಾರಲು ಅವರ ಸಹಕಾರಿ ಸಂಸ್ಥೆ ತ್ನುವಾ 1926ರಲ್ಲೇ ಹುಟ್ಟಿತ್ತು. 1949ರಲ್ಲಿ ಹೊಸ ರಾಷ್ಟ್ರದಲ್ಲಿ ಪಡಿತರ ಪದ್ಧತಿ ಬಂದಾಗ ಮೊಟ್ಟೆ, ಬೆಣ್ಣೆ, ಸಕ್ಕರೆಗೆ ಅಳತೆ ಬಿತ್ತು. ಇದ್ದುದರಲ್ಲೇ ಹೊಂದಿಸಿಕೊಂಡು ಹಬ್ಬ ಮಾಡಿದ ತಲೆಮಾರು ಅದು.

ಕೊರತೆಯ ಕಾಲ ಮುಗಿದ ಮೇಲೂ ಬೆಲೆಯ ಚಿಂತೆ ಹೋಗಲಿಲ್ಲ. 2011ರ ಜೂನ್ ತಿಂಗಳಲ್ಲಿ, ಹಬ್ಬ ಮುಗಿದ ಬೆನ್ನಿಗೇ, ಕಾಟೇಜ್ ಚೀಸಿನ ಡಬ್ಬಿಯ ಬೆಲೆ ಎಂಟು ಶೆಕೆಲ್‌ಗಳ ಹತ್ತಿರಕ್ಕೆ ಏರಿತೆಂದು ಇಸ್ರಯೇಲಿನ ಸಾವಿರಾರು ಕುಟುಂಬಗಳು ಅದನ್ನು ಕೊಳ್ಳುವುದನ್ನೇ ನಿಲ್ಲಿಸಿದವು. ಕಂಪೆನಿಗಳು ಬೆಲೆ ಇಳಿಸಬೇಕಾಯಿತು. ಹಾಲು, ಚೀಸು ಬಡವರಿಗೂ ಎಟುಕಬೇಕು ಎಂಬ ಕೂಗು ಅದರಲ್ಲಿತ್ತು.

ನಮ್ಮ ದೇಶದಲ್ಲೂ ಈ ಕಥೆಗೆ ಒಂದು ಕೊಂಡಿಯಿದೆ. ಬಾಗ್ದಾದಿನಿಂದ ಕೊಲ್ಕತ್ತಕ್ಕೆ ಬಂದ ಯೆಹೂದ್ಯ ಕುಟುಂಬವೊಂದು 1902ರಲ್ಲಿ ಆರಂಭಿಸಿದ ನಾಹೂಮ್ ಬೇಕರಿ ಅಲ್ಲಿನ ನ್ಯೂ ಮಾರ್ಕೆಟಿನಲ್ಲಿ ಪ್ರಸಿದ್ಧ. ಚೀಸ್ ತುಂಬಿ ಸುಟ್ಟ ಸಂಬೂಸಕ್ ಎಂಬ ಬಾಗ್ದಾದಿ ತಿಂಡಿ ಅಲ್ಲಿ ಸಿಗುತ್ತದೆ. ಆ ನಗರದ ಯೆಹೂದ್ಯರ ಸಂಖ್ಯೆ ಕೈಬೆರಳೆಣಿಕೆಗೆ ಇಳಿದಿದ್ದರೂ ಕ್ರಿಸ್ಮಸ್ ವಾರದಲ್ಲಿ ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಆ ಅಂಗಡಿಯ ಮುಂದೆ ಕೇಕಿಗಾಗಿ ಸಾಲು ನಿಲ್ಲುತ್ತಾರೆ. ಯೆಹೂದ್ಯರ ಬೇಕರಿಯ ಕೇಕು ಎಷ್ಟೋ ಕಥೋಲಿಕ ಮನೆಗಳಲ್ಲಿ ನಮ್ಮ ಪ್ರಭುವಿನ ಜನನದ ಸಿಹಿಯಾಗಿದೆ. ಕೊಂಡು ತಂದದ್ದರಲ್ಲಿ ಪ್ರೀತಿ ಇರಲಾರದು ಎನ್ನುವವರು ಆ ಸಾಲನ್ನು ನೋಡಬೇಕು.

ನಾಚಿಕೆಯನ್ನು ಕಳೆದ ಹಿರಿಯರು

ಹಾಗಾದರೆ ಮನೆಯಲ್ಲಿ ಮಾಡುವುದಕ್ಕೆ ಅರ್ಥವಿಲ್ಲವೇ? ಇದೆ. ಒಂದು ಚೀಸ್‌ಕೇಕಿಗೆ ಸುಮಾರು ಒಂದು ಕಿಲೋ ಚೀಸ್, ನಾಲ್ಕೈದು ಮೊಟ್ಟೆ, ಒಂದು ಗಂಟೆಗೂ ಮಿಕ್ಕಿದ ನಿಧಾನದ ಶಾಖ, ಆಮೇಲೆ ರಾತ್ರಿಯಿಡೀ ತಣ್ಣಗಾಗುವ ಸಮಯ ಬೇಕು. ಅವಸರ ಮಾಡಿದರೆ ಮೇಲೆ ಬಿರುಕು ಬೀಳುತ್ತದೆ. ಹಬ್ಬದ ದಿನ ಹೊಸದಾಗಿ ಬೆಂಕಿ ಹೊತ್ತಿಸುವಂತಿಲ್ಲದ ಕಾರಣ ಮುನ್ನಾದಿನವೇ ಎಲ್ಲ ಮುಗಿಸಿಡುವುದು ಅನುಕೂಲ. ಅಡುಗೆಮನೆಯ ಆ ಓಡಾಟದಲ್ಲಿ ಮೊಮ್ಮಗಳು ಅಜ್ಜಿಯಿಂದ ಕೇಕನ್ನು ಮಾತ್ರವಲ್ಲ, ನಿಯಮವನ್ನೂ ಕಥೆಯನ್ನೂ ಕಲಿಯುತ್ತಾಳೆ. ಅಂಗಡಿಯ ಪೆಟ್ಟಿಗೆಯಲ್ಲಿ ಕೇಕು ಬರುತ್ತದೆ, ಅಜ್ಜಿಯ ಮಾತು ಬರುವುದಿಲ್ಲ.

ಆದರೆ ಆ ದುಡಿಮೆಯೆಲ್ಲ ಯಾರ ಹೆಗಲ ಮೇಲೆ ಬೀಳುತ್ತದೆ ಎಂದೂ ಕೇಳಬೇಕು. ಹಗಲೆಲ್ಲ ಹೊರಗೆ ದುಡಿದು ಬಂದ ತಾಯಿ ರಾತ್ರಿ ನಿದ್ದೆಗೆಟ್ಟು ಕೇಕು ಮಾಡಿ, ಹಬ್ಬದ ದಿನ ದೇವರ ಮಾತು ಕೇಳಲಾರದಷ್ಟು ದಣಿದರೆ ಅದು ಹಬ್ಬವೇ? ಕೊಂಡು ತಂದವಳು ನೆರೆಹೊರೆಯವರ ಮುಂದೆ ತಲೆತಗ್ಗಿಸಬೇಕೇ?

ಮಿಶ್ನಾ ಗ್ರಂಥದಲ್ಲಿ ಇದಕ್ಕೆ ಸಮೀಪದ ಒಂದು ಸಂಗತಿಯಿದೆ. ವಾರಗಳ ಹಬ್ಬದಿಂದ ಮೊದಲ್ಗೊಂಡು ಜನರು ಪ್ರಥಮ ಫಲಗಳನ್ನು ದೇವಾಲಯಕ್ಕೆ ತರುತ್ತಿದ್ದರು. ಮುಂದೆ ಕೊಳಲು, ಕೊಂಬಿಗೆ ಚಿನ್ನ ಮೆತ್ತಿದ ಎತ್ತು; ನಗರದ ಕಸುಬುದಾರರೆಲ್ಲ ಎದ್ದು ನಿಂತು ಹಳ್ಳಿಗರನ್ನು ಸ್ವಾಗತಿಸುತ್ತಿದ್ದರು. ಬುಟ್ಟಿ ತಂದವನು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ನಿವೇದನೆಯನ್ನು ಬಾಯಿಪಾಠ ಹೇಳಬೇಕಿತ್ತು. ಬಲ್ಲವರು ತಾವೇ ಹೇಳುತ್ತಿದ್ದರು. ಬಾರದವರಿಗೆ ಯಾಜಕರು ಹೇಳಿಕೊಡುತ್ತಿದ್ದರು. ಬಾರದವರಿಗೆ ಅದು ಅವಮಾನವೆನಿಸಿ ಅವರು ಬರುವುದನ್ನೇ ನಿಲ್ಲಿಸಿದರು. ಆಗ ಹಿರಿಯರು ಏನು ಮಾಡಿದರು ಗೊತ್ತೇ? ಬಾರದವರನ್ನು ಗದರಿಸಲಿಲ್ಲ. ಬಲ್ಲವರಿಗೂ ಬಾರದವರಿಗೂ ಎಲ್ಲರಿಗೂ ಹೇಳಿಕೊಡಬೇಕೆಂದು ನಿಯಮ ಮಾಡಿದರು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದೇ ತಿಳಿಯದಂತಾಯಿತು. ನಾಚಿಕೆ ಹೋಯಿತು, ಬುಟ್ಟಿಗಳು ಮತ್ತೆ ಬಂದವು.

ಸಾವ್ತಾಳ ಒಲೆ

ಈಗ ಆ ಸಹೋದರಿಯ ಕಥೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಜನ ಇಸ್ರಯೇಲಿನಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡುತ್ತಾರೆ. ಬಿಡುವಿನ ದಿನ ಯಾಫಾದ ಸಂತ ಅಂತೋಣಿಯವರ ದೇವಾಲಯದಲ್ಲಿ ಬಲಿಪೂಜೆಗೆ ಸೇರುತ್ತಾರೆ. ಯಾಫಾ ಎಂದರೆ ಪೇತ್ರರು ಶುದ್ಧ-ಅಶುದ್ಧ ಆಹಾರಗಳ ದರ್ಶನ ಕಂಡ ಯೊಪ್ಪ ಪಟ್ಟಣವೇ. ನಮ್ಮ ಸಹೋದರಿ ನೋಡಿಕೊಳ್ಳುತ್ತಿದ್ದ ಅಜ್ಜಿ ಬಾಲ್ಯದಲ್ಲಿ ಜರ್ಮನಿಯಿಂದ ಬಂದವರು. ಸಹೋದರಿ ಅವರನ್ನು ಸಾವ್ತಾ ಎಂದು ಕರೆಯುತ್ತಿದ್ದರು. ಹೀಬ್ರೂವಿನಲ್ಲಿ ಅದರ ಅರ್ಥ ಅಜ್ಜಿ ಎಂದೇ.

"ಫಾದರ್, ನಾವು ಕ್ರಿಸ್ಮಸ್ಸಿಗೆ ಕುಸ್ವಾರ್ ಮಾಡ್ತೇವಲ್ಲ, ಅವರಿಗೆ ಈ ಕೇಕು ಹಾಗೆಯೇ" ಎಂದು ಅವರು ಮಾತು ಶುರುಮಾಡಿದರು. ಒಂದು ವರ್ಷ ಮಗಳು ಅಂಗಡಿಯಿಂದ ಮುದ್ರೆಯಿದ್ದ ಕೇಕು ತಂದಳು. ಅಜ್ಜಿ ಸುಮ್ಮನೆ ತಿಂದರು. ಮರುವರ್ಷ ಹಬ್ಬದ ಮುನ್ನಾದಿನ ಸಹೋದರಿಯನ್ನು ಕರೆದು, ಕುರ್ಚಿಯಲ್ಲಿ ಕುಳಿತೇ ಒಂದೊಂದನ್ನೇ ಹೇಳಿ ಮಾಡಿಸಿದರು. ಮೊಟ್ಟೆಗಳನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು ರಕ್ತದ ಚುಕ್ಕೆಯಿಲ್ಲವೆಂದು ಅವರಿಗೆ ತೋರಿಸಬೇಕು. ಕಲಸಿದ್ದೆಲ್ಲ ನಮ್ಮ ಸಹೋದರಿಯೇ. ಕೊನೆಗೆ ಅಜ್ಜಿ ಊರುಗೋಲು ಹಿಡಿದು ಎದ್ದು ಬಂದು ಒಲೆಯ ಗುಂಡಿಯನ್ನು ತಾವೇ ತಿರುಗಿಸಿದರು. ಅನ್ಯರು ಬೇಯಿಸಿದರೂ ಬೆಂಕಿ ಹೊತ್ತಿಸಿದ್ದು ಯೆಹೂದ್ಯರ ಕೈಯಾದರೆ ಸಾಕು ಎಂಬುದು ಅವರ ಪರಂಪರೆ. ಕೇಕು ಬಿರುಕು ಬಿಟ್ಟಿತು. ಅಜ್ಜಿ ನಕ್ಕು, ಮೇಲೆ ಹುಳಿಕೆನೆ ಸವರಿಸಿದರು.

ಅದರ ಮುಂದಿನ ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದರು. ಸಹೋದರಿಗೆ ಮಾಡಲು ಆಸೆ, ಆದರೆ ಒಲೆ ಹೊತ್ತಿಸಲು ಅಜ್ಜಿ ಏಳಲಾರರು. ಮಗಳು ಮತ್ತೆ ಪೆಟ್ಟಿಗೆ ತಂದಳು. ಕಣ್ಣೀರು ತುಂಬಿದ್ದ ಸಹೋದರಿಯನ್ನು ಅಜ್ಜಿ ಹತ್ತಿರ ಕುಳ್ಳಿರಿಸಿಕೊಂಡು, "ಇದೂ ಹಬ್ಬದ್ದೇ. ನೀನು ಮೊದಲು ತಿನ್ನು" ಎಂದರಂತೆ.

ಇದನ್ನು ಕೇಳಿದ ರಾತ್ರಿ ನಾವು ಧರ್ಮೋಪದೇಶಕಾಂಡದ 16ನೆಯ ಅಧ್ಯಾಯವನ್ನು ಮತ್ತೆ ತೆರೆದೆವು. ವಾರಗಳ ಹಬ್ಬದಲ್ಲಿ ಯಾರು ಸಂತೋಷಪಡಬೇಕು ಎಂಬ ಪಟ್ಟಿ ಅಲ್ಲಿದೆ: ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ಊರಲ್ಲಿರುವ ಲೇವಿಯ, ಪರದೇಶಿ, ಅನಾಥ, ವಿಧವೆ. ದುಡಿಯುವವರೂ ಪರದೇಶಿಯೂ ಆ ಪಟ್ಟಿಯಲ್ಲೇ ಇದ್ದಾರೆ. ಬಡಿಸಲು ಅಲ್ಲ, ಜೊತೆಗೆ ಕುಳಿತು ಸಂತೋಷಪಡಲು. ಯಾಜಕ ಕಾಂಡದಲ್ಲೂ ಎರಡು ರೊಟ್ಟಿಗಳ ವಿಧಿ ಮುಗಿದ ಕೂಡಲೇ ಬರುವ ಮಾತು, ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಟ್ಟುಬಿಡು ಎಂಬುದು (23:22). ರೂತಳು ತೆನೆ ಆಯ್ದದ್ದೂ ಇಂಥ ನಿಯಮದ ಆಸರೆಯಲ್ಲೇ. ರೊಟ್ಟಿ ಮನೆಯದೋ ಹೊರಗಿನದೋ ಎಂದು ದೇವರು ಕೇಳಿದ್ದು ಕಡಿಮೆ. ಮೇಜಿನ ಸುತ್ತ ಯಾರು ಕುಳಿತಿದ್ದಾರೆ ಎಂದು ಕೇಳಿದ್ದು ಹೆಚ್ಚು.

ನಮ್ಮ ಬಲಿಪೀಠದ ರೊಟ್ಟಿ

ನಮ್ಮ ಧರ್ಮಸಭೆಯೂ ಈ ದಾರಿಯಲ್ಲೇ ನಡೆದು ಬಂದಿದೆ. ಮೊದಲ ಶತಮಾನಗಳಲ್ಲಿ ಭಕ್ತಾದಿಗಳು ಮನೆಯಲ್ಲಿ ಸುಟ್ಟ ರೊಟ್ಟಿಯನ್ನೇ ಬಲಿಪೂಜೆಗೆ ತರುತ್ತಿದ್ದರು. 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಸಂತ ಗ್ರೆಗೋರಿಯವರ ಬಗ್ಗೆ ಒಂದು ಕಥೆಯಿದೆ. ಪರಮಪ್ರಸಾದ ಸ್ವೀಕರಿಸಲು ಬಂದ ಹೆಂಗಸೊಬ್ಬಳು, ತಾನೇ ಸುಟ್ಟ ರೊಟ್ಟಿಯನ್ನು ಅವರು ಪ್ರಭುವಿನ ಶರೀರವೆಂದು ಕರೆದದ್ದನ್ನು ಕೇಳಿ ನಕ್ಕುಬಿಟ್ಟಳಂತೆ. ಮುಂದಿನ ಶತಮಾನಗಳಲ್ಲಿ ಆ ಕೆಲಸ ಮಠಗಳಿಗೆ ಹೋಯಿತು. ಇಂದು ನಾವು ಅರ್ಪಿಸುವ ಓಸ್ತಿಗಳನ್ನು ಎಷ್ಟೋ ಕಡೆ ಕನ್ಯಾಸ್ತ್ರೀಯರು ಮಾಡಿಕೊಡುತ್ತಾರೆ. ಅದರಿಂದ ನಮ್ಮ ಬಲಿಪೂಜೆ ಕಡಿಮೆಯಾಗಲಿಲ್ಲ. ಆದರೂ ಮಾನವರ ದುಡಿಮೆಯ ಫಲ ಎಂದು ಹೇಳಿ ರೊಟ್ಟಿಯನ್ನು ಎತ್ತುವಾಗ, ಆ ಕೈಗಳು ಯಾರವು ಎಂದು ಒಂದು ಕ್ಷಣ ನೆನೆಯುವುದು ಒಳ್ಳೆಯದು.

1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಯೆಹೂದ್ಯರೊಡನೆ ನಮಗಿರುವ ಆತ್ಮೀಯ ಬಾಂಧವ್ಯವನ್ನು ನೆನಪಿಸಿತು. ಅವರ ಹಬ್ಬದ ಮೇಜಿನಿಂದ ನಾವು ಕಲಿಯಬಹುದಾದದ್ದು ಇಷ್ಟು: ಕೈಲಾದವರು ಮಾಡಲಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮಾಡಲಿ. ಕೈಲಾಗದವರು ಕೊಂಡು ತರಲಿ, ನಾಚಿಕೆಯಿಲ್ಲದೆ ತರಲಿ. ಮಾಡಿದವರು ತಂದವರನ್ನು ಅಳೆಯದಿರಲಿ. ಮಾಡಿದ್ದರಲ್ಲೂ ತಂದದ್ದರಲ್ಲೂ ಮೊದಲ ತುಂಡು, ನಮ್ಮ ಮನೆಯಲ್ಲಿ ದುಡಿಯುವವರಿಗೆ, ನಮ್ಮ ಬೀದಿಯ ಒಂಟಿ ಹಿರಿಯರಿಗೆ, ಊರಿಗೆ ಹೊಸಬರಾದವರಿಗೆ ಸೇರಲಿ.

ಐವತ್ತನೆಯ ದಿನ ಮೇಲಂತಸ್ತಿನ ಕೋಣೆಯ ಬಾಗಿಲು ತೆರೆದು ಪ್ರೇಷಿತರು ಹೊರಗೆ ಬಂದಾಗ ಬೀದಿಯಲ್ಲಿ ಹಲವು ನಾಡುಗಳ ಜನರಿದ್ದರು. ಅಂದು ಸುಮಾರು ಮೂರು ಸಾವಿರ ಮಂದಿ ಸಭೆಗೆ ಸೇರಿದರು. ನಮ್ಮ ಮನೆಗಳ ಬಾಗಿಲುಗಳೂ ಈ ಹಬ್ಬದಲ್ಲಿ ತೆರೆದಿರಲಿ. ಪವಿತ್ರಾತ್ಮರು ನಿಮ್ಮೆಲ್ಲರ ಕುಟುಂಬಗಳನ್ನು ಹರಸಲಿ.